ನೀರಿಗೆ ಮೀನೇ ಸಾಕ್ಷಿ

ನದಿಯ ದಡದಲ್ಲಿ ಹುಟ್ಟಿ, ನದಿಯ ನೀರನ್ನೇ ಕುಡಿದು, ಕಡೆಗೆ ನದಿಯಲ್ಲೇ ಅಸ್ಥಿಯಾಗಿ ಸೇರಿಹೋಗುವ ಜನ ನಾವು. ಆದುದರಿಂದ ನಮ್ಮ ನದಿಗಳ ಕ್ಷೇಮಸಮಾಚಾರವನ್ನು ನಾವು ಆಗಾಗ್ಗೆ ವಿಚಾರಿಸುತ್ತಿರಬೇಕಾದುದು ಸಹಜಧರ್ಮ. ಆದರೆ ವಿಚಾರಿಸುವುದು ಯಾರನ್ನು? ಕಣ್ಣಿಗೆ ತಿಳಿಯಾಗಿ ಕಾಣುವ ನೀರು ವಿಷಮಯವಾಗಿರಬಹುದು. ಮುಂಗಾರಿನಲ್ಲಿ ಕೆಂಪಾಗಿ ಹರಿಯುವ ನೀರು ನಿರ್ದೋಷಿಯಾಗಿರಬಹುದು. ಸರ್ಕಾರದ ಪರೀಕ್ಷಕರು ಸೀಸೆಯಲ್ಲಿ ತುಂಬಿಕೊಂಡು ಹೋಗುವ ನೀರು ಆ ಗಳಿಗೆಯ ಸಂಗತಿಯನ್ನು ಮಾತ್ರ ಹೇಳಬಲ್ಲುದು. ಹಿಂದಿನ ರಾತ್ರಿ ಏನು ಹರಿದುಹೋಯಿತೆಂಬುದನ್ನು ಅದು ಅರಿಯದು. ಹಗಲೂ ಇರುಳೂ, ಮಳೆಗಾಲ ಬೇಸಗೆಯೆನ್ನದೆ, ನೀರಿನಲ್ಲೇ ಉಸಿರಾಡಿ, ನೀರಿನಲ್ಲೇ ಉಂಡು, ನೀರಿನಲ್ಲೇ ಸಂತಾನವನ್ನು ಬೆಳೆಸುವ ಒಬ್ಬ ಸಾಕ್ಷಿಯುಂಟು. ಆ ಸಾಕ್ಷಿ ಮೀನು. ಅದನ್ನು ನಾವು ಬಲೆಯಲ್ಲಿ ಹಿಡಿದಿದ್ದೇವೆ, ತಕ್ಕಡಿಯಲ್ಲಿ ತೂಗಿದ್ದೇವೆ, ತಿಂದಿದ್ದೇವೆ. ಅದರ ಹೇಳಿಕೆಯನ್ನು ಮಾತ್ರ ಬರೆದುಕೊಂಡಿಲ್ಲ.

ಮೀನನ್ನು ಕುರಿತು ಬರೆಯುವುದು ಕನ್ನಡನಾಡಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟು, ಮೀನುಗಳ ಜಾತಿಭೇದಗಳನ್ನೂ ಅವುಗಳಿಗೆ ಹಾಕತಕ್ಕ ಆಹಾರವನ್ನೂ ವಿವರಿಸಿದ್ದಾನೆ. ಅರಸನಿಗೆ ಅದು ವಿನೋದವಾಗಿದ್ದಿತು. ನಮಗೆ ಅದು ಆರೋಗ್ಯದ ಪ್ರಶ್ನೆಯಾಗಿ ಪರಿಣಮಿಸಿದೆ.

ನಾಲ್ಕು ತಾಲ್ಲೂಕುಗಳು, ಮೂರು ನದಿಗಳು

ಮೈಸೂರು ಜಿಲ್ಲೆಯ ಪಶ್ಚಿಮಕ್ಕಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಕೊಡಗಿನಿಂದ ಇಳಿದ ಕಾವೇರಿ ಪಿರಿಯಾಪಟ್ಟಣದ ಎಲ್ಲೆಯನ್ನು ಸವರಿಕೊಂಡು ಬಂದು, ಕೃಷ್ಣರಾಜನಗರದ ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲಿಂದ ಧುಮುಕಿ, ಹಳೆಯ ಎಡತೊರೆಯ ಅರ್ಕೇಶ್ವರನ ಪಾದವನ್ನು ತೊಳೆದು ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತಾಳೆ. ಬ್ರಹ್ಮಗಿರಿಯ ಇರ್ಪುವಿನ ಕಡೆಯಿಂದ ಬರುವ ಲಕ್ಷ್ಮಣತೀರ್ಥವು ಹನಗೋಡಿನ ಅಣೆಕಟ್ಟೆಯನ್ನು ದಾಟಿ, ಹುಣಸೂರು ಪಟ್ಟಣದ ಮಗ್ಗುಲಲ್ಲಿ ಹರಿದು, ಕಟ್ಟೆಮಳಲವಾಡಿಯ ಮೇಲೆ ಸಾಗಿ ಅದೇ ಹಿನ್ನೀರಿಗೆ ಇಳಿಯುತ್ತದೆ. ವಯನಾಡಿನಲ್ಲಿ ಹುಟ್ಟಿದ ಕಪಿಲೆಯನ್ನು ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟು ತಡೆದು ನಿಲ್ಲಿಸಿದೆ. ಬತ್ತ, ಹೊಗೆಸೊಪ್ಪು, ರಾಗಿ, ಕಬ್ಬು, ಇವೆಲ್ಲ ಈ ನೀರಿನ ಮಕ್ಕಳು. ಮೈಸೂರು, ಬೆಂಗಳೂರು ನಗರಗಳು ಕುಡಿಯುವುದೂ ಕಾವೇರಿ ಕಪಿಲೆಯರ ನೀರನ್ನೇ. ಎಂದಮೇಲೆ ಈ ನಾಲ್ಕು ತಾಲ್ಲೂಕುಗಳ ಮೀನಿಗೆ ಬಂದ ಕಾಯಿಲೆಯು ಆ ನಾಲ್ಕು ತಾಲ್ಲೂಕುಗಳ ಸಂಗತಿ ಮಾತ್ರವಲ್ಲ.

ಕಡಲಂಚಿನ ಪಾಠ

ಮೀನಿನ ದೇಹಸ್ಥಿತಿಯನ್ನು ನೋಡಿ ಮನುಷ್ಯನ ಕೃತ್ಯವನ್ನು ಅಳೆಯುವ ವಿದ್ಯೆಗೆ ಕಡಲಂಚಿನ ಹಿನ್ನೀರ ಸರೋವರಗಳು ಒಳ್ಳೆಯ ಪಾಠಶಾಲೆಗಳಾದವು. ಇದಕ್ಕೆ ಕಾರಣವುಂಟು. ಹರಿಯುವ ಹೊಳೆ ತನ್ನ ಕೊಳೆಯನ್ನು ಮುಂದಕ್ಕೆ ಸಾಗಿಸಿಬಿಡುತ್ತದೆ. ವಿಶಾಲವಾದ ಸಮುದ್ರವು ಅದನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಇವೆರಡರ ನಡುವೆ ಮಂದಗತಿಯಲ್ಲಿ ನಿಂತ ಸರೋವರವಾದರೋ, ಹೊಲದಿಂದಲೂ ಊರಿನಿಂದಲೂ ಬಂದುದೆಲ್ಲವನ್ನೂ ಉಳಿಸಿಕೊಂಡು ಕೂಡಿಡುತ್ತದೆ. ಸ್ಪೇಯಿನ್ ದೇಶದ ಮಾರ್ ಮೆನೋರ್ ಎಂಬ ಸರೋವರಕ್ಕೆ ಸುತ್ತಲಿನ ಹೊಲಗಳ ಗೊಬ್ಬರದ ಸಾರವು ವರ್ಷಗಟ್ಟಲೆ ಬಸಿದು ಸೇರುತ್ತಿದ್ದಿತು. 1919ರಲ್ಲಲ್ಲ, ನಮ್ಮ ಕಣ್ಣೆದುರಿನ 2019ರ ಅಕ್ಟೋಬರಿನಲ್ಲಿ, ಉಸಿರುಕಟ್ಟಿದ ಮೀನುಗಳು ರಾಶಿರಾಶಿಯಾಗಿ ದಡಕ್ಕೆ ಬಂದು ಬಿದ್ದವು. 2021ರ ಆಗಸ್ಟಿನಲ್ಲಿ ಮತ್ತೊಮ್ಮೆ ಅದೇ ಆಯಿತು. ಜನ ಬೀದಿಗಿಳಿದರು. 2022ರಲ್ಲಿ ಆ ದೇಶದ ಶಾಸನಸಭೆಯು ಸರೋವರಕ್ಕೇ ನ್ಯಾಯಾಲಯದಲ್ಲಿ ನಿಲ್ಲಬಲ್ಲ ವ್ಯಕ್ತಿತ್ವವನ್ನು ಕೊಟ್ಟಿತು.

ನಮ್ಮ ದೇಶದಲ್ಲೇ ಒಡಿಶಾದ ಚಿಲಿಕಾ ಸರೋವರದ ನಿದರ್ಶನವುಂಟು. ಸಮುದ್ರದ ಬಾಯಿ ಹೂಳಿನಿಂದ ಕಟ್ಟಿಹೋಗಿ ಅಲ್ಲಿಯ ಮೀನು ಸೀಗಡಿಗಳು ಕ್ಷೀಣಿಸಿದುವು. 1993ರಲ್ಲಿ ಆ ಸರೋವರವು ಅಪಾಯಕ್ಕೀಡಾದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 2000ದ ಸೆಪ್ಟೆಂಬರಿನಲ್ಲಿ ಹೊಸದೊಂದು ಬಾಯಿಯನ್ನು ತೋಡಿ ಕಡಲಿಗೆ ದಾರಿ ಮಾಡಲಾಗಿ ಮೀನುಗಳು ಹಿಂದಿರುಗಿದವು. 2002ರಲ್ಲಿ ಚಿಲಿಕಾ ಆ ಪಟ್ಟಿಯಿಂದ ಹೊರಬಂದಿತು. ಕೆಟ್ಟುದನ್ನು ಹೇಳಿದುದೂ ಮೀನೇ, ನೆಟ್ಟಗಾದುದನ್ನು ಹೇಳಿದುದೂ ಮೀನೇ. ಇನ್ನು ಜಪಾನಿನ ಮಿನಮಾಟದ ಕೊಲ್ಲಿಯ ಕಥೆ ಲೋಕಪ್ರಸಿದ್ಧವಾದುದು. ರಸಾಯನ ಕಾರ್ಖಾನೆಯ ಪಾದರಸವು ಮೀನಿನ ಮೈಸೇರಿ, ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಸತ್ತವು. 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಕಾರಣವನ್ನು ಸರ್ಕಾರವು ಒಪ್ಪಿಕೊಂಡುದು 1968ರಲ್ಲಿ. ಸಾಕ್ಷಿಯ ಹೇಳಿಕೆಯನ್ನು ಹನ್ನೆರಡು ವರ್ಷ ಮೂಲೆಗೊತ್ತಿದುದರ ಬೆಲೆಯನ್ನು ತೆತ್ತವರು ಬಡ ಬೆಸ್ತರು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಕಡಲಿಲ್ಲವೆಂಬುದು ದಿಟ. ಆದರೆ ಮಂದಗತಿಯ ನೀರುಂಟು. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಕೃಷ್ಣರಾಜಸಾಗರದ ಹಿನ್ನೀರೂ, ಕಪಿಲಾ ಜಲಾಶಯದ ಹಿನ್ನೀರೂ ಮನುಷ್ಯನು ನಿರ್ಮಿಸಿದ ಸರೋವರಗಳೇ ಸರಿ. ಕಡಲಂಚಿನ ಸರೋವರದಂತೆಯೇ ಇವೂ ಮೇಲಿನ ನಾಡು ಕಳುಹಿಸಿದುದನ್ನೆಲ್ಲ ಸ್ವೀಕರಿಸಿ ಇಟ್ಟುಕೊಳ್ಳುತ್ತವೆ. ಅಲ್ಲಿಯ ಪಾಠ ಇಲ್ಲಿಗೂ ಸಲ್ಲುತ್ತದೆ.

ಹಿನ್ನೀರಿನಲ್ಲಿ ನಡೆದ ಶೋಧನೆ

ಸಲ್ಲುತ್ತದೆಂಬುದಕ್ಕೆ ಊಹೆಯಲ್ಲ, ಪ್ರಮಾಣವೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಉಪೇಂದ್ರ ನಾಂಗ್ಥೋಂಬ ಅವರು ಕೃಷ್ಣರಾಜಸಾಗರದ ಹಿನ್ನೀರಿನ ಮೀನನ್ನು ಅನೇಕ ವರ್ಷಗಳಿಂದ ಸವಿಯುತ್ತಿದ್ದವರು. ಈಚೀಚೆಗೆ ಕೆಲವು ಮೀನುಗಳ ದೇಹದಲ್ಲಿ ವಿಕಾರಗಳು ಕಾಣುತ್ತಿರುವುದನ್ನು ಗಮನಿಸಿ, ನೀರಿನ ಗುಣಕ್ಕೂ ಇದಕ್ಕೂ ಸಂಬಂಧವಿರಬಹುದೇ ಎಂಬ ಶಂಕೆ ಅವರಲ್ಲಿ ಹುಟ್ಟಿತು. ಊಟದ ತಟ್ಟೆಯಿಂದ ಪ್ರಯೋಗಶಾಲೆಗೆ ಹೋದ ಈ ಶಂಕೆಯ ಫಲವು 2022ರಲ್ಲಿ ಪ್ರಕಟವಾಯಿತು.

ಅವರೂ ಅವರ ಸಹೋದ್ಯೋಗಿಗಳೂ ಅಣೆಕಟ್ಟಿನ ಪರಿಸರದಲ್ಲಿ ಮೂರು ಕಡೆಯಿಂದ ನೀರನ್ನು ಸಂಗ್ರಹಿಸಿದರು: ವೇಗವಾಗಿ ಹರಿಯುವ ಸ್ಥಳ ಒಂದು, ಮೆಲ್ಲಗೆ ಹರಿಯುವ ಸ್ಥಳ ಒಂದು, ನಿಂತ ನೀರಿನ ಸ್ಥಳ ಒಂದು. ಮೊದಲು ವಾಡಿಕೆಯ ರಾಸಾಯನಿಕ ಪರೀಕ್ಷೆಗಳು ನಡೆದವು. ಇಲ್ಲಿ ವಾಚಕರು ಸ್ವಲ್ಪ ಲಕ್ಷ್ಯವಿಡಬೇಕು. ಒಂದನ್ನು ಬಿಟ್ಟು ಉಳಿದ ಅಂಶಗಳೆಲ್ಲ ನಿಗದಿಯಾದ ಮಿತಿಯೊಳಗೇ ಇದ್ದವು. ಮಿತಿ ತಪ್ಪಿದ ಆ ಒಂದು ಅಂಶವೆಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ. ಮೆಲ್ಲಗೆ ಹರಿಯುವ ನೀರಿನಲ್ಲಿಯೂ ನಿಂತ ನೀರಿನಲ್ಲಿಯೂ ಅದು ಇರಬೇಕಾದುದಕ್ಕಿಂತ ತೀರ ಕಡಿಮೆಯಾಗಿದ್ದಿತು. ಸೂಕ್ಷ್ಮವಾದ ಬೆಳಕಿನ ಪರೀಕ್ಷೆಗೆ ಒಡ್ಡಿದಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ಕಿನ ಕಣಗಳೂ, ಸೈಕ್ಲೋಹೆಕ್ಸೈಲ್ ಎಂಬ ಘಟಕವುಳ್ಳ ವಿಷರಾಸಾಯನಿಕಗಳೂ ಗೋಚರವಾದವು.

ಅನಂತರ ಪಟ್ಟೆಮೀನಿನ, ಎಂದರೆ ಪ್ರಯೋಗಶಾಲೆಗಳಲ್ಲಿ ಜೀಬ್ರಾಮೀನೆಂದು ಹೆಸರಾದ ಪುಟ್ಟ ಮೀನಿನ ಭ್ರೂಣಗಳನ್ನು ಆ ಮೂರು ಬಗೆಯ ನೀರಿನಲ್ಲಿ ಬೆಳೆಸಿದರು. ಮೆಲ್ಲಗೆ ಹರಿಯುವ ನೀರಿನಲ್ಲಿಯೂ ನಿಂತ ನೀರಿನಲ್ಲಿಯೂ ಬೆಳೆದ ಮರಿಗಳ ಎಲುಬುಗಳು ವಿಕಾರಗೊಂಡವು, ಹೃದಯಕ್ಕೆ ಹಾನಿ ತಟ್ಟಿತು, ಜೀವಕೋಶಗಳೊಳಗಿನ ವಂಶತಂತುಗಳು ಕೆಟ್ಟವು, ಸಾವು ಹೆಚ್ಚಿತು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೆಯೂ ಈ ದೋಷಗಳು ತಪ್ಪಲಿಲ್ಲ. ಆದುದರಿಂದ ದೋಷವು ಕ್ರಿಮಿಯದಲ್ಲ, ಪ್ಲಾಸ್ಟಿಕ್ ಕಣಗಳದೂ ಆ ರಾಸಾಯನಿಕಗಳದೂ ಆಗಿರಬೇಕೆಂಬ ನಿರ್ಣಯಕ್ಕೆ ಅವರು ಬಂದರು.

ಇದರ ತಾತ್ಪರ್ಯವನ್ನು ನಾವು ಸರಿಯಾಗಿ ಗ್ರಹಿಸಬೇಕು. ಪ್ರಯೋಗ ನಡೆದುದು ಪ್ರಯೋಗಶಾಲೆಯಲ್ಲಿ, ಮೀನಿನ ಭ್ರೂಣಗಳ ಮೇಲೆ; ಶುದ್ಧೀಕರಿಸಿ ನಲ್ಲಿಯಲ್ಲಿ ಬಿಟ್ಟ ನೀರನ್ನು ಕುಡಿದ ಮನುಷ್ಯರ ಮೇಲಲ್ಲ. ಆದಕಾರಣ ನಗರಗಳ ಜನ ಗಾಬರಿಗೊಳ್ಳಬೇಕೆಂದು ನಾವು ಹೇಳುವುದಿಲ್ಲ. ನಾವು ಹೇಳುವುದು ಇಷ್ಟೇ: ಕಾಗದದ ಮೇಲೆ ಬಹುಮಟ್ಟಿಗೆ ಉತ್ತೀರ್ಣವಾದ ನೀರು ಮೀನಿನ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ಪರೀಕ್ಷಕರ ಪಟ್ಟಿಯಲ್ಲಿ ಹೆಸರೇ ಇಲ್ಲದ ವಿಷವನ್ನು ಸೀಸೆ ತೋರಿಸಲಾರದು, ಮೀನು ತೋರಿಸಬಲ್ಲುದು.

ಮೀನಿನ ಮೈ ಹೇಳುವ ಭಾಷೆ

ಮೀನು ಹೀಗೆ ಮಾತನಾಡುವುದು ಹೇಗೆ? ಮನುಷ್ಯನಿಗೂ ಗಾಳಿಗೂ ಇರುವ ಸಂಬಂಧಕ್ಕಿಂತ ಮೀನಿಗೂ ನೀರಿಗೂ ಇರುವ ಸಂಬಂಧ ನಿಕಟವಾದುದು. ಅದರ ಕಿವಿರುಗಳ ತೆಳುಪೊರೆಯ ಒಂದು ಪಕ್ಕದಲ್ಲಿ ನೆತ್ತರು, ಇನ್ನೊಂದು ಪಕ್ಕದಲ್ಲಿ ನದಿ. ನೀರು ಕೆಟ್ಟರೆ ಮೊದಲು ಕಿವಿರು ಕೆಡುತ್ತದೆ. ಆರೋಗ್ಯವಂತ ಮೀನಿನ ಕಿವಿರು ಹೊಳೆಯುವ ಕೆಂಪು. ಕೆಟ್ಟ ನೀರಿನ ಮೀನಿನದು ಬಿಳಿಚಿಕೊಂಡು, ಅಂಟು ಲೋಳೆಯಿಂದ ಮುಚ್ಚಿಹೋಗಿರುತ್ತದೆ. ದೇಹಕ್ಕೆ ಬಂದ ವಿಷವನ್ನು ನಿವಾರಿಸುವ ಕೆಲಸ ಯಕೃತ್ತಿನದಾದುದರಿಂದ, ಎರಡನೆಯ ಸಾಕ್ಷ್ಯ ಅಲ್ಲಿ ದೊರೆಯುತ್ತದೆ. ಪೈರಿಗೆ ಸಿಂಪಡಿಸುವ ಕೆಲವು ಜಾತಿಯ ಕೀಟನಾಶಕಗಳು ನರಗಳ ಕೆಲಸಕ್ಕೆ ಅವಶ್ಯಕವಾದ ಒಂದು ಕಿಣ್ವವನ್ನು ಕುಗ್ಗಿಸುತ್ತವೆ. ಮೀನಿನ ಮಿದುಳಿನಲ್ಲಿ ಆ ಕಿಣ್ವದ ಪ್ರಮಾಣವನ್ನು ಅಳೆದರೆ, ಮದ್ದು ಹೊಳೆಯಿಂದ ಹರಿದುಹೋದ ಮೇಲೂ ಅದು ಬಂದಿತ್ತೆಂಬುದು ಬಯಲಾಗುತ್ತದೆ.

ಇವು ಪಂಡಿತರ ಪರೀಕ್ಷೆಗಳು. ಪಾಮರರೂ ಮಾಡಬಹುದಾದ ಪರೀಕ್ಷೆಯೊಂದುಂಟು. ಅದಕ್ಕೆ ಬೇಕಾದುದು ಒಂದು ತಕ್ಕಡಿ, ಒಂದು ಅಳತೆಪಟ್ಟಿ, ಪ್ರೌಢಶಾಲೆಯ ಲೆಕ್ಕ. ಮೀನಿನ ತೂಕವನ್ನು ಗ್ರಾಮುಗಳಲ್ಲಿ ಬರೆದು ನೂರರಿಂದ ಗುಣಿಸಿ, ಉದ್ದವನ್ನು ಸೆಂಟಿಮೀಟರುಗಳಲ್ಲಿ ಅಳೆದು ಅದರ ಘನದಿಂದ ಭಾಗಿಸಬೇಕು. ದೃಷ್ಟಾಂತಕ್ಕಾಗಿ, 30 ಸೆಂಟಿಮೀಟರು ಉದ್ದದ ಗೆಂಡೆಯೊಂದು 324 ಗ್ರಾಂ ತೂಗಿದರೆ ಬರುವ ಅಂಕ 1.2. ಅದೇ ಉದ್ದದ ಅದೇ ಜಾತಿಯ ಇನ್ನೊಂದು ಮೀನು 243 ಗ್ರಾಂ ಮಾತ್ರ ತೂಗಿದರೆ ಬರುವ ಅಂಕ 0.9. ಒಂದು ಮೀನು ಬಡವಾಗಿದ್ದರೆ ಅದು ಆ ಮೀನಿನ ದುರದೃಷ್ಟ. ಒಂದು ಮಡುವಿನ ನೂರು ಮೀನುಗಳು ಅದೇ ಋತುವಿನಲ್ಲಿ ಮೇಲಣ ಮಡುವಿನ ಮೀನುಗಳಿಗಿಂತ ಬಡವಾಗಿದ್ದರೆ ಅದು ಆ ಮಡುವಿನ ಕಾಯಿಲೆ. ಇದರ ಜತೆಗೆ ಬೆನ್ನೆಲುಬು ಸೊಟ್ಟಗಿದೆಯೇ, ರೆಕ್ಕೆ ಸವೆದಿದೆಯೇ, ಮೈಮೇಲೆ ಹುಣ್ಣಿದೆಯೇ, ಗಂಟುಗಳಿವೆಯೇ ಎಂದು ನೋಡಿ ಬರೆದರಾಯಿತು.

ಅಮೆರಿಕದ ಜೇಮ್ಸ್ ಕಾರ್ ಎಂಬ ವಿಜ್ಞಾನಿಯು 1981ರಲ್ಲಿ ಇಂಥ ಗುರುತುಗಳನ್ನೆಲ್ಲ ಕ್ರಮಪಡಿಸಿ, ಹೊಳೆಗೆ ಅಂಕ ಕೊಡುವ ಪದ್ಧತಿಯನ್ನು ಪ್ರಕಟಿಸಿದನು. ಹನ್ನೆರಡು ಪ್ರಶ್ನೆಗಳು, ಒಂದೊಂದಕ್ಕೂ ಐದು, ಮೂರು ಅಥವಾ ಒಂದು ಅಂಕ. ಎಷ್ಟು ಜಾತಿಯ ಮೀನುಗಳಿವೆ, ಕೊಳೆಯನ್ನು ತಾಳಲಾರದ ಸೂಕ್ಷ್ಮ ಜಾತಿಗಳು ಉಳಿದಿವೆಯೇ, ಏನನ್ನಾದರೂ ತಿಂದು ಬದುಕುವ ಒರಟು ಜಾತಿಗಳೇ ತುಂಬಿವೆಯೇ, ರೋಗಗ್ರಸ್ತವಾದ ಮೀನುಗಳೆಷ್ಟು ಎಂಬವು ಆ ಪ್ರಶ್ನೆಗಳಲ್ಲಿ ಸೇರಿವೆ. ಅರವತ್ತು ಬಂದರೆ ಹೊಳೆ ಉತ್ತಮ. ಹನ್ನೆರಡು ಬಂದರೆ ಅಧಮ. ಪದ್ಧತಿ ಪರದೇಶದ್ದಾದರೂ ಪ್ರಶ್ನೆಗಳನ್ನು ನಮ್ಮ ಮೀನುಗಳಿಗೆ ಒಗ್ಗಿಸಿಕೊಳ್ಳುವುದು ಕಷ್ಟವಲ್ಲ.

ಬಲೆ ತುಂಬಿದ ಮಾತ್ರಕ್ಕೆ

ಇಲ್ಲೊಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯಕ. ಬಲೆ ತುಂಬ ಮೀನು ಬಂದಿತೆಂದರೆ ಹೊಳೆ ಚೆನ್ನಾಗಿದೆಯೆಂದು ತಿಳಿಯುವುದು ತಪ್ಪು. ಇದಕ್ಕೆ ನಮ್ಮ ಕಾವೇರಿಯ ಬಿಳಿಮೀನಿನ, ಎಂದರೆ ಮಹಸೀರಿನ ಚರಿತ್ರೆಯೇ ಪ್ರಮಾಣ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದ ಒಬ್ಬರು ಕಪಿಲೆಯಲ್ಲಿ ಗಾಳ ಹಾಕಿ 120 ಪೌಂಡು ತೂಗುವ ಮಹಸೀರನ್ನು ಹಿಡಿದರು. ಆ ತೂಕವು ಲೋಕದಾಖಲೆಯೆಂದು ಹೆಸರಾಯಿತು. ಬೆನ್ನು ಗೂನಾಗಿ ಕಿತ್ತಳೆ ಬಣ್ಣದ ರೆಕ್ಕೆಗಳಿಂದ ಶೋಭಿಸುವ ಆ ಜಾತಿಯು ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಕಳೆದ ಶತಮಾನದ ಕಡೆಯ ದಶಕಗಳಲ್ಲಿ ನೀಲಿ ರೆಕ್ಕೆಯ ಬೇರೊಂದು ಜಾತಿಯ ಮಹಸೀರನ್ನು ಮರಿಮಾಡಿಸಿ ತಂದು ಕಾವೇರಿಗೆ ಬಿಟ್ಟರು. ಸದುದ್ದೇಶದಿಂದಲೇ ಬಿಟ್ಟರು. 1998ರಿಂದ 2012ರ ವರೆಗಿನ ಗಾಳಗಾರರ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಲಾಗಿ, ಸಿಕ್ಕಿದ ಮಹಸೀರುಗಳ ಒಟ್ಟು ಸಂಖ್ಯೆ ಏರುತ್ತಲೇ ಇದ್ದಿತು. ಆದರೆ ಗೂನುಬೆನ್ನಿನ ಮೂಲಜಾತಿಯು ಕುಸಿದುಹೋಗಿದ್ದಿತು. 2018ರಲ್ಲಿ ಆ ಜಾತಿಗೆ ಶಾಸ್ತ್ರೀಯವಾದ ಹೆಸರು ಖಚಿತವಾದ ವರ್ಷದಲ್ಲೇ ಅದು ಅಳಿವಿನ ಅತ್ಯಂತ ಸಮೀಪಕ್ಕೆ ಬಂದ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ನಾಮಕರಣವೂ ಮರಣಭೀತಿಯೂ ಒಟ್ಟಿಗೆ ಒದಗಿದವು. ಜನಸಂಖ್ಯೆ ಹೆಚ್ಚಿತೆಂದು ಹಿಗ್ಗುತ್ತಿದ್ದಾಗ ಮನೆಯ ಹಿರಿಯ ಮಗ ಕಾಣೆಯಾಗಿದ್ದಂತಾಯಿತು.

ಕೆರೆಗಳಲ್ಲಿಯೂ ಇದೇ ಕಥೆ. 1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯಾ, ಜನರ ಬಾಯಲ್ಲಿ ಜಿಲೇಬಿ, ಕೊಳೆನೀರಿನಲ್ಲಿಯೂ ಬೆಳೆಯಬಲ್ಲುದು. ಆಫ್ರಿಕದ ದೊಡ್ಡ ಮೀಸೆಮೀನು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲುದು. ಅದರ ಸಾಕಣೆಯನ್ನು 2000ದಲ್ಲೇ ಸರ್ಕಾರ ನಿಷೇಧಿಸಿದರೂ ಅದು ನೀರಿನಿಂದ ನೀರಿಗೆ ಹಬ್ಬುತ್ತಲೇ ಇದೆ. ಯಾವ ಕೆರೆಯಲ್ಲಿ ಗೆಂಡೆ, ಬಾಳೆ, ಕೊರವಗಳು ಕಣ್ಮರೆಯಾಗಿ ಇವೆರಡು ಮಾತ್ರ ತುಂಬಿವೆಯೋ ಆ ಕೆರೆಯ ಬಲೆ ಭಾರವಾಗಿರಬಹುದು. ಕೆರೆಯ ಆರೋಗ್ಯ ಮಾತ್ರ ಹಗುರವಾಗಿದೆ.

ಕೊಳೆಯ ಮೂಲಗಳು

ಹಾಗಾದರೆ ನಮ್ಮ ನದಿಗಳಿಗೆ ಬಂದೊದಗುವ ಬಾಧೆಗಳು ಯಾವುವು? ಮೊದಲನೆಯದು ಊರುಗಳ ಕೊಳಚೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿಯನ್ನು ಮಾಡಿತು. ಅವುಗಳಲ್ಲಿ 17 ಕರ್ನಾಟಕದವು. ಕಾವೇರಿಯೂ, ಕಪಿಲೆಯೂ, ನಮ್ಮ ಪುಟ್ಟ ಲಕ್ಷ್ಮಣತೀರ್ಥವೂ ಆ ಹದಿನೇಳರಲ್ಲಿ ಸೇರಿವೆ. ಒಂದು ಲೀಟರು ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಕ್ರಿಮಿಗಳಿಗೆ 3 ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕ ಬೇಕಾದರೆ ಆ ನದಿಭಾಗ ಕಲುಷಿತವೆಂಬುದು ಮಂಡಲಿಯ ಸೂತ್ರ. ಕ್ರಿಮಿಗಳು ಉಂಡ ಆಮ್ಲಜನಕವು ಮೀನಿನ ಪಾಲಿನಿಂದ ಕಿತ್ತುಕೊಂಡುದೇ ಆಗಿದೆ.

ಎರಡನೆಯದು ಕಾಫಿ. ಮೇಲಣ ಕೊಡಗು ವಯನಾಡುಗಳಲ್ಲಿ ಡಿಸೆಂಬರಿನಿಂದ ಫೆಬ್ರುವರಿಯ ವರೆಗೆ ಹಣ್ಣು ಬಿಡಿಸಿ ಬೀಜ ತೊಳೆಯುವ ಕಾಲ. ಆ ತೊಳೆದ ನೀರಿನಲ್ಲಿ ಸಿಹಿ ಲೋಳೆ ತುಂಬಿರುತ್ತದೆ. ಶುದ್ಧಿಮಾಡದೆ ಹಳ್ಳಕ್ಕೆ ಬಿಟ್ಟರೆ ಹುಳಿತು ಕೊಳೆತು ನೀರಿನ ಉಸಿರನ್ನು ಹೀರುತ್ತದೆ. ಹೊಳೆ ಸಣ್ಣದಾಗುವುದೂ ಅದೇ ಕಾಲವಾದುದರಿಂದ ಕೆಡುಕು ಇಮ್ಮಡಿಸುತ್ತದೆ.

ಮೂರನೆಯದು ಹೊಲ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆಗಳಲ್ಲಿ ಹೊಗೆಸೊಪ್ಪು, ಕೃಷ್ಣರಾಜನಗರದ ನಾಲೆಗಳ ಕೆಳಗೆ ಬತ್ತ. ಎರಡಕ್ಕೂ ಗೊಬ್ಬರ, ಎರಡಕ್ಕೂ ಮದ್ದು. ಮೇ ಜೂನ್ ತಿಂಗಳ ಮೊದಲ ಮಳೆಗಳು ಇವನ್ನು ತೊಳೆದು ಕೆರೆಗಿಳಿಸುವ ಹೊತ್ತಿಗೆ ಸರಿಯಾಗಿ ಅನೇಕ ಮೀನುಗಳು ಮೊಟ್ಟೆಯಿಡಲು ಹೊಸನೀರನ್ನು ಹತ್ತಿ ಬರುತ್ತವೆ. ಬಾಣಂತಿಯ ಕೋಣೆಗೆ ವಿಷವನ್ನು ಬಿಟ್ಟಂತಾಗುತ್ತದೆ. ನಾಲ್ಕನೆಯದು ಅಣೆಕಟ್ಟುಗಳು, ಇವು ನಾಡಿಗೆ ಅನ್ನವನ್ನು ಕೊಟ್ಟಿವೆಯೆಂಬುದನ್ನು ನಾವು ಮರೆಯುವವರಲ್ಲ, ಆದರೆ ಮೇಲೇರಿ ಮೊಟ್ಟೆಯಿಡುವ ಮಹಸೀರಿಗೆ ಕಟ್ಟೆಯು ಗೋಡೆಯೇ ಆಗಿದೆ.

ಆಕ್ಷೇಪಗಳು

ಇಷ್ಟು ಕಾರಣಗಳಿರುವಲ್ಲಿ ಮೀನಿನ ಕಾಯಿಲೆ ಯಾವುದರಿಂದ ಬಂದಿತೆಂದು ಹೇಳುವುದು ಹೇಗೆ ಎಂದು ಕೇಳುವವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೀನಿಗೆ ಸ್ವಭಾವತಃ ಬರುವ ರೋಗಗಳೂ ಉಂಟು. 1988ರಲ್ಲಿ ಈಶಾನ್ಯ ಭಾರತಕ್ಕೆ ಕಾಲಿಟ್ಟು ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಹಬ್ಬಿದ ಹುಣ್ಣುರೋಗಕ್ಕೆ ಒಂದು ಬಗೆಯ ಬೂಷ್ಟು ಕಾರಣ. ಕೊರವದಂಥ ಮೀನುಗಳು ಅದಕ್ಕೆ ಸುಲಭವಾಗಿ ತುತ್ತಾಗುತ್ತವೆ. ಹುಣ್ಣು ಕಂಡಲ್ಲೆಲ್ಲ ಕಾರ್ಖಾನೆಯನ್ನು ದೂರುವುದು ಅವಿವೇಕ. ಅದು ಕಾರಣವೇ ಮೇಲಣ ನೀರಿನೊಡನೆ ಕೆಳಗಣ ನೀರನ್ನು ಹೋಲಿಸಬೇಕೆಂದು ನಾವು ಹೇಳುವುದು. ಹುಣಸೂರಿಗೆ ಮೇಲಿನ ಹನಗೋಡಿನಲ್ಲಿ ಚೆನ್ನಾಗಿರುವ ಜಾತಿಯೇ ಪಟ್ಟಣಕ್ಕೆ ಕೆಳಗಿನ ಕಟ್ಟೆಮಳಲವಾಡಿಯಲ್ಲಿ ತಿಂಗಳ ಮೇಲೆ ತಿಂಗಳು ಬಡವಾಗಿ ಕಂಡರೆ, ಕಾರಣವನ್ನು ಆ ಎರಡು ಸ್ಥಳಗಳ ನಡುವೆ ಹುಡುಕಬೇಕು. ಮೀನು ಅಪರಾಧಿಯ ಹೆಸರನ್ನು ಹೇಳದಿರಬಹುದು. ಅಪರಾಧ ನಡೆದ ಬೀದಿಯನ್ನು ತೋರಿಸುತ್ತದೆ. ಅಲ್ಲಿಂದ ಮುಂದಕ್ಕೆ ಪ್ರಯೋಗಶಾಲೆಯ ಕೆಲಸ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಮೀನಿಗೆ ಕಾಯಿಲೆಯೆಂದು ಪ್ರಕಟಿಸಿದ ಮಾರನೆಯ ದಿನ ಸಂತೆಯಲ್ಲಿ ಮೀನು ಮಾರುವವನ ಗತಿಯೇನು? ಹುಣ್ಣುರೋಗವು ಮನುಷ್ಯನಿಗೆ ಅಂಟುವುದಲ್ಲವಾದರೂ, ಅದು ಹಬ್ಬಿದಾಗ ಜನ ಹೆದರಿ ಮೀನನ್ನು ಕೊಳ್ಳದೆ ಬೆಸ್ತರ ಒಲೆ ಆರಿಹೋಯಿತು. ತನ್ನ ಅನ್ನಕ್ಕೇ ಮಣ್ಣು ಹಾಕುವ ಸಾಕ್ಷ್ಯವನ್ನು ಹೇಳಲು ಬೆಸ್ತನು ಹಿಂಜರಿದರೆ ಅವನನ್ನು ದೂಷಿಸಲಾಗದು. ಆದುದರಿಂದ ಮೀನಿನ ಲೆಕ್ಕವನ್ನಿಡುವ ಯೋಜನೆಯು ಬೆಸ್ತನ ರಕ್ಷಣೆಯಿಂದಲೇ ಆರಂಭವಾಗಬೇಕು. ಕೆಡಿಸಿದವನು ನಷ್ಟವನ್ನು ತೆರಬೇಕು. ತೋರಿಸಿಕೊಟ್ಟವನಿಗೆ ಕೂಲಿ ದೊರೆಯಬೇಕು. ಈ ಎರಡಿಲ್ಲದೆ ಯಾವ ಪಟ್ಟಿಯೂ ನಿಜವನ್ನು ಹೇಳದು.

ಶಾಸನವೂ ಸಂಕಲ್ಪವೂ

1897ರ ಭಾರತ ಮತ್ಸ್ಯ ಶಾಸನವು ಮೀನನ್ನು ಹಿಡಿಯುವ ಅಥವಾ ಕೊಲ್ಲುವ ಉದ್ದೇಶದಿಂದ ನೀರಿಗೆ ವಿಷವನ್ನಾಗಲಿ ಸುಣ್ಣವನ್ನಾಗಲಿ ಹಾಕುವುದನ್ನೂ ಸಿಡಿಮದ್ದು ಸಿಡಿಸುವುದನ್ನೂ ಅಪರಾಧವೆಂದಿತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ ತನ್ನದೇ ಕಾಯಿದೆಯನ್ನು ಮಾಡಿತು. ಆ ಹಳೆಯ ಶಾಸನದ ವಿಚಿತ್ರವನ್ನು ನೋಡಿ: ಹೊಟ್ಟೆಪಾಡಿಗಾಗಿ ಒಂದು ಮಡುವಿಗೆ ಕಾರೆಕಾಯಿಯನ್ನು ಜಜ್ಜಿ ಹಾಕಿದ ಬಡವನು ಅಪರಾಧಿ, ಮೀನಿನ ಯೋಚನೆಯೇ ಇಲ್ಲದೆ ಇಡೀ ಹೊಳೆಗೆ ಕೊಳಚೆಯನ್ನು ಬಿಟ್ಟವನು, ಕೊಲ್ಲುವ ಉದ್ದೇಶವಿಲ್ಲದ ಕಾರಣ, ನಿರಪರಾಧಿ! 1974ರ ಜಲಮಾಲಿನ್ಯ ಶಾಸನವು ಈ ಕುಂದನ್ನು ತಿದ್ದಿತು. ಶಾಸನವೇನೋ ಇದೆ; ಸಾಕ್ಷ್ಯವನ್ನು ಒದಗಿಸುವವರು ಬೇಕಾಗಿದ್ದಾರೆ.

ನಮ್ಮ ಸೂಚನೆ ದೊಡ್ಡದೇನೂ ಅಲ್ಲ. ಹನಗೋಡು, ಕಟ್ಟೆಮಳಲವಾಡಿ, ಚುಂಚನಕಟ್ಟೆ, ಸಾಗರಕಟ್ಟೆ, ಬೀಚನಹಳ್ಳಿ, ಹೀಗೆ ಗೊತ್ತಾದ ಕೆಲವು ಸ್ಥಳಗಳಲ್ಲಿ ತಿಂಗಳಿಗೊಂದು ದಿನ ಬಲೆಗೆ ಬಿದ್ದ ಮೀನುಗಳನ್ನು ಅಲ್ಲಿಯ ಮೀನುಗಾರರ ಸಹಕಾರ ಸಂಘದವರೂ ಸಮೀಪದ ಕಾಲೇಜಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳೂ ಸೇರಿ ಅಳೆದು, ತೂಗಿ, ಕಿವಿರನ್ನೂ ಮೈಯನ್ನೂ ನೋಡಿ, ಜಾತಿವಾರು ಬರೆದಿಡಲಿ. ಕರಗಿದ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮೊದಲೇ ಅಳೆಯಲಿ. ಏಕೆಂದರೆ ಹಗಲಿನಲ್ಲಿ ಹಸಿರುಪಾಚಿ ಆಮ್ಲಜನಕವನ್ನು ಕೊಡುತ್ತದೆ, ಇರುಳಿನಲ್ಲಿ ತಾನೇ ಅದನ್ನು ನುಂಗುತ್ತದೆ. ಮಧ್ಯಾಹ್ನ ಬರುವ ಅಧಿಕಾರಿಗೆ ನಗುವ ನೀರು ಬೆಳಗಿನ ಜಾವ ಏದುಸಿರು ಬಿಡುತ್ತಿರುತ್ತದೆ. ಲೆಕ್ಕದ ಪುಸ್ತಕದ ಒಂದು ಪ್ರತಿ ಪಂಚಾಯತಿಯ ಹಲಗೆಯ ಮೇಲೆ ಕನ್ನಡದಲ್ಲಿ ಅಂಟಲಿ. ಇನ್ನೊಂದು ಮಾಲಿನ್ಯ ಮಂಡಲಿಗೆ ಹೋಗಲಿ. ಅಂಕಗಳು ಇಳಿದಾಗ ಮಾತ್ರ ಮೀನು ಪ್ರಯೋಗಶಾಲೆಗೆ ಹೋದರೆ ಸಾಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆಯ ಕಾಲೇಜಿದೆ, ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವಿದೆ. ವಿದ್ಯೆ ಮನೆಬಾಗಿಲಿನಲ್ಲಿದೆ, ಕರೆಯುವವರಿಲ್ಲ.

ನಮ್ಮ ಹಿರಿಯರಿಗೆ ಈ ವಿಚಾರ ತಿಳಿಯದಿದ್ದಿತೇ? ಕೃಷ್ಣರಾಜನಗರಕ್ಕೆ ಅನತಿದೂರದ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿಪುಷ್ಕರಿಣಿಯ ಮಡುವಿನಲ್ಲಿ, ದೇವರ ಮೀನುಗಳೆಂದು ಭಕ್ತರು ಮಹಸೀರುಗಳಿಗೆ ಪುರಿಯನ್ನೆರಚುವ ಪದ್ಧತಿ ಇಂದಿಗೂ ಉಂಟು. ಕೊಲ್ಲಬಾರದೆಂಬ ನಿಯಮವನ್ನು ಹಿರಿಯರು ಮಾಡಿದರು. ಅದು ಮೀನನ್ನು ಬಲೆಯಿಂದ ಕಾಪಾಡಿತು. ಮೇಲಿನಿಂದ ಹರಿದುಬರುವ ವಿಷಕ್ಕೆ ಅಂಥ ಕಟ್ಟಳೆ ತಿಳಿಯದು. ಅದನ್ನು ತಡೆಯುವ ಕೆಲಸವನ್ನು ದೇವರ ಮೇಲೆ ಹೊರಿಸಿ ಕುಳಿತಿರುವುದು ಭಕ್ತಿಯಾಗದು. ಪುರಿಯನ್ನೆರಚುವ ಕೈಯೇ ಮೀನನ್ನೊಮ್ಮೆ ಎತ್ತಿ, ಅದರ ಕಿವಿರು ಕೆಂಪಾಗಿದೆಯೇ ಎಂದು ನೋಡುವಂತಾಗಲಿ. ಆ ಕೆಂಪು ಉಳಿದಿರುವ ವರೆಗೆ ನಮ್ಮ ಮಕ್ಕಳ ಬಿಂದಿಗೆಯ ನೀರಿನ ಬಗ್ಗೆ ನಾವು ಅಷ್ಟರಮಟ್ಟಿಗೆ ಧೈರ್ಯವಾಗಿರಬಹುದು.